ಯಂತ್ರದ ಬಾಯಾರಿಕೆ ಮತ್ತು ಅಮಾನತ್ತಿನ ನೀರು

ಮಸೀದಿಯ ಹೌಝ್ ಬಳಿ ನಳ ತೆರೆದಿಟ್ಟು ಮಾತಿಗೆ ನಿಂತವರನ್ನು ಕಂಡರೆ ನಮ್ಮ ಹಿರಿಯರು ಸುಮ್ಮನಿರುತ್ತಿರಲಿಲ್ಲ. ‘ನಳ ಬಂದ್ ಮಾಡು, ಇದಕ್ಕೂ ಲೆಕ್ಕ ಕೊಡಬೇಕಾದೀತು’ ಎಂದು ಗದರುತ್ತಿದ್ದರು. ಆ ಗದರಿಕೆಯ ಹಿಂದೆ ಒಂದು ಹದೀಸಿನ ನೆನಪಿತ್ತು. ವುಝೂ ಮಾಡುವಾಗ ಹೆಚ್ಚು ನೀರು ಸುರಿಯುತ್ತಿದ್ದ ಸಅದ್(ರ)ರನ್ನು ಪ್ರವಾದಿ(ಸ) ತಡೆದರು. ವುಝೂವಿನಲ್ಲೂ ದುಂದು ಎಂಬುದಿದೆಯೇ ಎಂದು ಅವರು ಅಚ್ಚರಿಯಿಂದ ಕೇಳಿದಾಗ, ಹರಿಯುವ ನದಿಯ ದಂಡೆಯಲ್ಲಿದ್ದರೂ ಇದೆ ಎಂಬರ್ಥದ ಉತ್ತರ ದೊರೆಯಿತು. ಇಬ್ನು ಮಾಜಃ ವರದಿ ಮಾಡಿರುವ ಈ ಘಟನೆಯನ್ನು ನಾವೆಲ್ಲ ಹಲವು ಬಾರಿ ಕೇಳಿದ್ದೇವೆ. ಪ್ರವಾದಿ(ಸ) ಸ್ವತಃ ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಪೂರೈಸುತ್ತಿದ್ದರೆಂಬುದೂ ನಮಗೆ ಗೊತ್ತು.

ಇಂದು ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ನಳ ತೆರೆದುಕೊಂಡಿದೆ. ಅದರಿಂದ ಹರಿಯುವ ನೀರು ಕಣ್ಣಿಗೆ ಕಾಣುವುದಿಲ್ಲ, ಅದರ ಸದ್ದು ಕಿವಿಗೆ ಕೇಳುವುದಿಲ್ಲ. ಹುನಗುಂದದ ವಿದ್ಯಾರ್ಥಿನಿ ತನ್ನ ವಿಜ್ಞಾನದ ಪಾಠವನ್ನು ಮೊಬೈಲ್‌ನಲ್ಲಿರುವ ಕೃತಕ ಬುದ್ಧಿಮತ್ತೆಗೆ ಕೇಳಿ ತಿಳಿಯುತ್ತಾಳೆ. ಇಳಕಲ್ಲಿನ ಸೀರೆ ವ್ಯಾಪಾರಿ ಅದರಿಂದ ಜಾಹೀರಾತು ಬರೆಸುತ್ತಾನೆ. ಬಾದಾಮಿಯ ಗೈಡ್ ವಿದೇಶಿ ಪ್ರವಾಸಿಯ ಮಾತನ್ನು ಅದರಿಂದ ಅನುವಾದಿಸಿಕೊಳ್ಳುತ್ತಾನೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆ ಉತ್ತರ ಎಲ್ಲಿಂದ ಬಂತು, ಅದನ್ನು ಸಿದ್ಧಪಡಿಸಲು ಏನು ಉರಿಯಿತು, ಏನು ಆವಿಯಾಯಿತು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ?

ಅದಕ್ಕೆ ‘ಕ್ಲೌಡ್’ ಎಂಬ ಹೆಸರಿಟ್ಟಿದ್ದಾರೆ. ಮೋಡವೆಂದರೆ ನಮ್ಮ ಬಯಲುಸೀಮೆಯ ರೈತನಿಗೆ ಮಳೆಯ ಭರವಸೆ. ಈ ಮೋಡವಾದರೋ ನೀರು ಕೊಡುವುದಲ್ಲ, ಕುಡಿಯುವುದು. ಅದು ಆಕಾಶದಲ್ಲಿಲ್ಲ, ಭೂಮಿಯ ಮೇಲಿದೆ. ಡೇಟಾ ಸೆಂಟರ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ಗೋದಾಮು. ಹಗಲು ರಾತ್ರಿ ದುಡಿಯುವ ಆ ಯಂತ್ರಗಳು ಕಾಯುತ್ತವೆ. ಅವನ್ನು ತಣಿಸಲು ಅನೇಕ ಕಡೆ ನೀರನ್ನು ಆವಿಯಾಗಿಸುತ್ತಾರೆ. ಆವಿಯಾದ ನೀರು ಆ ಊರಿನ ಕೆರೆಗಾಗಲಿ ಬಾವಿಗಾಗಲಿ ಮರಳುವುದಿಲ್ಲ. ನೀರಿಲ್ಲದೆ ಗಾಳಿಯಿಂದಲೇ ತಣಿಸಬಹುದು, ಆದರೆ ಆಗ ವಿದ್ಯುತ್ ಹೆಚ್ಚು ಬೇಕಾಗುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದು ಖರ್ಚಾಗುತ್ತದೆ.

ಲೆಕ್ಕವನ್ನು ನ್ಯಾಯವಾಗಿಯೇ ಇಡೋಣ. ತನ್ನ ಜೆಮಿನಿಗೆ ಬರಹದ ಮೂಲಕ ಕೇಳುವ ಒಂದು ಸಾಮಾನ್ಯ ಪ್ರಶ್ನೆಗೆ 0.24 ವ್ಯಾಟ್-ಗಂಟೆ ವಿದ್ಯುತ್ತೂ 0.26 ಮಿಲಿಲೀಟರ್ ನೀರೂ ಸಾಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅಂದರೆ ಸುಮಾರು ಐದು ಹನಿ ನೀರು. ಒಂದು ಯೂನಿಟ್ ವಿದ್ಯುತ್ತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳು. ಇದು ಕಂಪನಿಯೇ ಕೊಟ್ಟ ಲೆಕ್ಕ. ವಿದ್ಯುತ್ ಸ್ಥಾವರದಲ್ಲಿ ಖರ್ಚಾಗುವ ನೀರು ಇದರಲ್ಲಿ ಸೇರಿಲ್ಲ, ಚಿತ್ರ ಹಾಗೂ ವಿಡಿಯೊ ತಯಾರಿಕೆಯ ಲೆಕ್ಕವೂ ಇದಲ್ಲ. ಹಾಗಿದ್ದರೂ ಒಂದು ಪ್ರಶ್ನೆಯ ಪಾಲು ಚಿಕ್ಕದೇ ಎಂಬುದನ್ನು ಒಪ್ಪಬೇಕು. ಪಾಠ ಕೇಳಿದ ಮಗಳನ್ನು ಅಪರಾಧಿಯೆಂಬಂತೆ ನೋಡುವುದು ತಪ್ಪು.

ಹನಿಗಳು ಕೂಡಿದಾಗಲೇ ಹಳ್ಳ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ಒಟ್ಟು ಬಳಕೆಯ ಶೇ. 1.5. ಅದು 2030ರ ವೇಳೆಗೆ 94,500 ಕೋಟಿ ಯೂನಿಟ್‌ಗೆ ಏರಬಹುದೆಂದು ಅದೇ ಸಂಸ್ಥೆ ಅಂದಾಜಿಸಿದೆ. ಇಡೀ ಜಪಾನ್ ದೇಶ ಇಂದು ಬಳಸುವುದಕ್ಕಿಂತಲೂ ಇದು ತುಸು ಹೆಚ್ಚು. ಗೂಗಲ್ ಕಂಪನಿಯ ಇಂಗಾಲ ಹೊರಸೂಸುವಿಕೆ 2019ಕ್ಕೆ ಹೋಲಿಸಿದರೆ 2023ರಲ್ಲಿ ಶೇ. 48ರಷ್ಟು ಹೆಚ್ಚಿತ್ತೆಂದು ಅದರದೇ ವರದಿ ಹೇಳಿತು. ಅದೇ ಕಂಪನಿ ನೆರೆಯ ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಗಿಗಾವ್ಯಾಟ್ ಪ್ರಮಾಣದ ಕೇಂದ್ರ ಕಟ್ಟುವುದಾಗಿ 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು.

ಒಂದು ಗಿಗಾವ್ಯಾಟ್ ಎಂದರೆ ಎಷ್ಟು? ಬಾಗಲಕೋಟೆಯವರಿಗೆ ಅದನ್ನು ಅಳೆಯಲು ಮನೆಯದೇ ಅಳತೆಗೋಲಿದೆ. ಆಲಮಟ್ಟಿ ಅಣೆಕಟ್ಟಿನ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 290 ಮೆಗಾವ್ಯಾಟ್. ಅಂಥ ಮೂರು ವಿದ್ಯುದಾಗಾರಗಳು ಒಟ್ಟಿಗೆ ಪೂರ್ಣ ಪ್ರಮಾಣದಲ್ಲಿ ತಿರುಗಿದರೂ ಒಂದು ಗಿಗಾವ್ಯಾಟ್ ತುಂಬುವುದಿಲ್ಲ. ಅದೂ ಕೃಷ್ಣೆ ತುಂಬಿ ಹರಿಯುವ ತಿಂಗಳುಗಳಲ್ಲಿ ಮಾತ್ರ. ಡೇಟಾ ಸೆಂಟರ್‌ಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ.

ಆ 290 ಮೆಗಾವ್ಯಾಟ್‌ಗೆ ನಾವು ತೆತ್ತ ಬೆಲೆ ನಮಗೆ ಗೊತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಯೋಜನೆಯನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಆ ನಡುವಿನ ನಾಲ್ಕು ದಶಕಗಳಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಸೇರಿದವು, ಜನರು ನವನಗರಕ್ಕೆ ಬಂದರು. ನೆರೆಹೊರೆಯವರು ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದರು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮುಂದಿನ ಹಂತಕ್ಕೆ ಇನ್ನೂ ಸುಮಾರು 75 ಸಾವಿರ ಎಕರೆ ಮುಳುಗಡೆಯಾಗಲಿದೆ. ಹೊಲ ಉತ್ತಬೇಕೋ ಬಿಡಬೇಕೋ, ಮನೆಗೆ ಹೊಸ ಮಾಡು ಹಾಕಿಸಬೇಕೋ ಬೇಡವೋ ಎಂದು ತೋಚದೆ ವರ್ಷಗಳನ್ನು ಕಳೆದ ಕುಟುಂಬಗಳು ನಮ್ಮ ನಡುವೆಯೇ ಇವೆ. ವಿದ್ಯುತ್ ಗೋಡೆಯ ಸ್ವಿಚ್ಚಿನಲ್ಲಿ ಹುಟ್ಟುವುದಲ್ಲ ಎಂದು ಈ ಊರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಆಲಮಟ್ಟಿಯಿಂದ ಹೆಚ್ಚು ದೂರವಿಲ್ಲದ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿ ಉರಿಯುವುದು ಕಲ್ಲಿದ್ದಲು, ತಣಿಸುವುದು ಆಲಮಟ್ಟಿ ಹಿನ್ನೀರು. ಬೂದಿ ಮತ್ತು ನೀರಿನ ಭಯದಿಂದ ಸುತ್ತಲಿನ ರೈತರು 2014ರಲ್ಲಿ ಬೀದಿಗಿಳಿದಿದ್ದರು, ಆಗ ಪೊಲೀಸ್ ಗೋಲಿಬಾರು ಕೂಡ ನಡೆಯಿತು. ಭಾರತದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಆದ್ದರಿಂದ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಒಂದು ಡೇಟಾ ಸೆಂಟರ್ ಬೆಳೆದರೆ ಅದರ ಹೊಗೆ ಅಲ್ಲಿ ಕಾಣಿಸದೆ ಕೂಡಗಿಯಂಥ ಊರುಗಳಲ್ಲಿ ಕಾಣಿಸುತ್ತದೆ. ಲಾಭ ಒಂದೆಡೆ, ಬೂದಿ ಇನ್ನೊಂದೆಡೆ.

ಕೊರತೆ ಬಂದಾಗ ಮೊದಲು ಯಾರ ಪಾಲು ಕಡಿತವಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. 2023ರ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ಅಕ್ಟೋಬರ್‌ನಲ್ಲಿ ರೈತರ ಪಂಪ್‌ಸೆಟ್‌ಗಳ ಏಳು ಗಂಟೆಯ ವಿದ್ಯುತ್ತು ಐದು ಗಂಟೆಗೆ ಇಳಿಯಿತು. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಯವರೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆಂಬಂಥ ಕಾರಣಕ್ಕೆ ಜಲಮಂಡಳಿ 22 ಕುಟುಂಬಗಳಿಗೆ ತಲಾ 5,000 ರೂಪಾಯಿ ದಂಡ ಹಾಕಿತು. ಆ ದಂಡ ಸರಿಯೇ. ಆದರೆ ಒಂದು ಮನೆಯ ಬಕೆಟ್ ಎಣಿಸುವ ವ್ಯವಸ್ಥೆ, ದೊಡ್ಡ ಕಟ್ಟಡದ ಟ್ಯಾಂಕನ್ನೂ ಎಣಿಸಿ ಜನರ ಮುಂದಿಡಬೇಕಲ್ಲವೇ? ಡೇಟಾ ಸೆಂಟರ್‌ಗಳನ್ನು ಆಕರ್ಷಿಸಲು 2022ರಿಂದ 2027ರ ಅವಧಿಗೆ ರಾಜ್ಯವು ಪ್ರತ್ಯೇಕ ನೀತಿಯನ್ನೇ ರೂಪಿಸಿ ರಿಯಾಯಿತಿ ಘೋಷಿಸಿದೆ. ರಿಯಾಯಿತಿ ಪಡೆಯುವವನು ಲೆಕ್ಕ ಕೊಡಲು ಹಿಂಜರಿಯಬಾರದು.

ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ನೀರನ್ನು ಅತಿಯಾಗಿ ಹೀರುವುದು ಕಂಪ್ಯೂಟರ್ ಅಲ್ಲ, ಕಬ್ಬು. ಅಳತೆಯಿಲ್ಲದೆ ನೀರುಣಿಸಿ ಸವುಳಾದ ಹೊಲಗಳು ಅದಕ್ಕೆ ಸಾಕ್ಷಿ. ಹೀಗಿರುವಾಗ ಡೇಟಾ ಸೆಂಟರ್ ಒಂದನ್ನೇ ದೂರುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಆದರೆ ಕಬ್ಬಿನ ವಿಷಯದಲ್ಲಿ ನಾವು ಕಲಿತ ಪಾಠವೇ ಇಲ್ಲಿ ದಾರಿ ತೋರಿಸಬೇಕು. ಲಾಭ ಕಂಡಾಗ ಯಾರೂ ಅಳತೆ ಕೇಳಲಿಲ್ಲ. ಅಳತೆ ಕೇಳುವ ಹೊತ್ತಿಗೆ ಮಣ್ಣು ಕೆಟ್ಟಿತ್ತು. ಹೊಸ ಉದ್ಯಮ ಬೇರೂರುವ ಮೊದಲೇ ಅಳತೆ ಕೇಳಬೇಕೆಂಬುದು ದ್ವೇಷದ ಮಾತಲ್ಲ, ಅನುಭವದ ಮಾತು.

ಇಸ್ಲಾಮಿನ ದೃಷ್ಟಿಯಲ್ಲಿ ಇದು ಬರಿಯ ಪರಿಸರದ ವಿಷಯವಲ್ಲ, ಹಕ್ಕಿನ ವಿಷಯ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂಬ ಆಶಯದ ಹದೀಸನ್ನು ಅಬೂ ದಾವೂದ್ ವರದಿ ಮಾಡಿದ್ದಾರೆ. ಹದಿನಾಲ್ಕು ಶತಮಾನಗಳ ಹಿಂದಿನ ಆ ಪಟ್ಟಿಯನ್ನು ಇಂದಿನ ಡೇಟಾ ಸೆಂಟರ್‌ನ ಮುಂದೆ ಹಿಡಿದು ನೋಡಿರಿ. ಅದಕ್ಕೆ ಬೇಕಾದದ್ದು ನೀರು, ಭೂಮಿ ಮತ್ತು ಇಂಧನ. ಅವೇ ಮೂರು! ಮದೀನದಲ್ಲಿ ಸಿಹಿನೀರಿನ ರೂಮಾ ಬಾವಿ ಒಬ್ಬರ ಸೊತ್ತಾಗಿದ್ದು, ಜನರು ಹಣ ತೆತ್ತು ನೀರು ಪಡೆಯಬೇಕಾಗಿದ್ದಾಗ ಉಸ್ಮಾನ್(ರ) ಅದನ್ನು ಖರೀದಿಸಿ ಎಲ್ಲರಿಗಾಗಿ ಬಿಟ್ಟುಕೊಟ್ಟರು. ಹಣವಂತನ ಹಣ ನೀರಿಗೆ ಬೇಲಿ ಹಾಕುವುದಕ್ಕಲ್ಲ, ಬೇಲಿ ತೆಗೆಯುವುದಕ್ಕೆ ಬಳಕೆಯಾಯಿತು. ಸೂರಃ ಅರ್ರಹ್ಮಾನ್‌ನಲ್ಲಿ ಆಕಾಶವನ್ನು ಎತ್ತರಿಸಿದ ಪ್ರಸ್ತಾಪದ ಜೊತೆಯಲ್ಲೇ ತಕ್ಕಡಿಯ ಪ್ರಸ್ತಾಪವಿದೆ, ತೂಕದಲ್ಲಿ ಅತಿಕ್ರಮಿಸಬಾರದೆಂಬ ಎಚ್ಚರಿಕೆಯಿದೆ. ಈ ಭೂಮಿ ನಮ್ಮ ಆಸ್ತಿಯಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್ತು.

ನಮ್ಮ ನೆಲದ ಹಿಂದಿನವರು ಈ ತೂಕವನ್ನು ಬಲ್ಲವರಾಗಿದ್ದರು. ಬಾದಾಮಿಯ ಕೆಂಪು ಬಂಡೆಗಳ ನಡುವೆ ಅಗಸ್ತ್ಯ ತೀರ್ಥ ಇಂದಿಗೂ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆರೆಯ ವಿಜಯಪುರದಲ್ಲಿ ಆದಿಲ್‌ಶಾಹಿಗಳು ತಾಜ್ ಬಾವಡಿ, ಬೇಗಂ ತಲಾಬ್, ನೆಲದಡಿಯ ಕೊಳವೆಗಳು ಮತ್ತು ಗಂಜ್ ಎಂಬ ನೀರಿನ ಗೋಪುರಗಳ ಮೂಲಕ ಒಣಭೂಮಿಯ ಮಹಾನಗರಕ್ಕೆ ನೀರುಣಿಸಿದರು. ಅವರು ನಗರ ಕಟ್ಟುವ ಜೊತೆಗೇ ಅದರ ನೀರನ್ನೂ ಯೋಚಿಸಿದ್ದರು. ಇಂದಿನ ಡಿಜಿಟಲ್ ನಗರ ಕಟ್ಟುವವರಿಂದ ನಾವು ಕೇಳುವುದೂ ಇಷ್ಟನ್ನೇ.

ಸ್ಪಷ್ಟವಾಗಿ ಹೇಳುವುದಾದರೆ ಬೇಡಿಕೆಗಳು ನಾಲ್ಕು. ಪ್ರತಿ ಡೇಟಾ ಸೆಂಟರ್ ಬಳಸಿದ ನೀರು ಮತ್ತು ವಿದ್ಯುತ್ತಿನ ಲೆಕ್ಕ ಪ್ರತಿವರ್ಷ ಸಾರ್ವಜನಿಕವಾಗಬೇಕು. ಯುರೋಪಿಯನ್ ಒಕ್ಕೂಟವು 500 ಕಿಲೋವ್ಯಾಟ್‌ಗಿಂತ ದೊಡ್ಡ ಕೇಂದ್ರಗಳು ಇಂಥ ವರದಿ ಸಲ್ಲಿಸುವುದನ್ನು 2024ರಿಂದ ಕಡ್ಡಾಯಗೊಳಿಸಿದೆ. ಯಂತ್ರ ತಣಿಸಲು ಕುಡಿಯುವ ನೀರಿನ ಬದಲು ಸಂಸ್ಕರಿಸಿದ ಕೊಳಚೆ ನೀರು ಬಳಕೆಯಾಗಬೇಕು. ಹೊಸ ಕೇಂದ್ರಕ್ಕೆ ಹೊಸ ಸೌರ ಅಥವಾ ಪವನ ವಿದ್ಯುತ್ತು ಜೊತೆಗೂಡಬೇಕು. ಬರ ಬಂದಾಗ ಕುಡಿಯುವ ನೀರು, ರೈತನ ಪಂಪು, ನೇಕಾರನ ಮಗ್ಗ ಇವುಗಳ ಸರದಿ ಯಂತ್ರದ ಸರದಿಗಿಂತ ಮೊದಲು ಬರಬೇಕು. ನಾಳೆ ನಮ್ಮ ಜಿಲ್ಲೆಗೇ ಅಂಥದೊಂದು ಉದ್ಯಮ ಉದ್ಯೋಗದ ಭರವಸೆ ಹೊತ್ತು ಬಂದರೆ, ಸ್ವಾಗತದ ಹೂಮಾಲೆಯ ಜೊತೆ ಈ ನಾಲ್ಕು ಪ್ರಶ್ನೆಗಳೂ ನಮ್ಮ ಕೈಯಲ್ಲಿರಲಿ.

ಮನೆಯೊಳಗಿನ ಕೆಲಸ ಇದಕ್ಕಿಂತ ಸುಲಭ. ಕಲಿಯಲು, ದುಡಿಯಲು, ಇನ್ನೊಬ್ಬರಿಗೆ ನೆರವಾಗಲು ಈ ಸಾಧನವನ್ನು ಬಳಸೋಣ. ಹೊತ್ತು ಕಳೆಯಲೆಂದು ಹತ್ತಾರು ಚಿತ್ರ, ವಿಡಿಯೊ ಸೃಷ್ಟಿಸಿ ಅರೆಗಳಿಗೆಯಲ್ಲಿ ಅಳಿಸುವ ಚಟ ಇಸ್ರಾಫ್ ಎಂದು ಮಕ್ಕಳಿಗೆ ತಿಳಿಹೇಳೋಣ. ಇದರಿಂದ ಕೃಷ್ಣೆ ತುಂಬಿ ಹರಿಯದು ನಿಜ. ಸಅದ್(ರ)ರು ಉಳಿಸಿದ ಬೊಗಸೆ ನೀರಿನಿಂದಲೂ ಯಾವ ನದಿ ತುಂಬಲಿಲ್ಲ. ಅಲ್ಲಿ ತಿದ್ದಿದ್ದು ನದಿಯನ್ನಲ್ಲ, ಮನುಷ್ಯನನ್ನು. ತನ್ನ ಬೊಗಸೆಯ ಲೆಕ್ಕ ಇಟ್ಟುಕೊಂಡವನಿಗೆ ಮಾತ್ರ ಅಣೆಕಟ್ಟಿನ ಲೆಕ್ಕ ಕೇಳುವ ನೈತಿಕ ಧೈರ್ಯ ಬರುತ್ತದೆ.

ನಳದ ಮುಂದೆ ಗದರುತ್ತಿದ್ದ ಹಿರಿಯರು ಇಂದು ಇದ್ದಿದ್ದರೆ ಮೊಬೈಲ್ ಹಿಡಿದ ನಮ್ಮ ಕೈ ನೋಡಿ ಅದೇ ಮಾತು ಹೇಳುತ್ತಿದ್ದರೇನೋ. ನೀರು ಕಾಣದಿದ್ದರೂ ಲೆಕ್ಕ ತಪ್ಪದು. ಆ ಲೆಕ್ಕವನ್ನು ಇಲ್ಲಿಯೇ ಸರಿಪಡಿಸಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೂ, ನಮ್ಮನ್ನಾಳುವವರಿಗೂ ದಯಪಾಲಿಸಲಿ. ಆಮೀನ್.