ಕಲ್ಪಿತವೂ ಮಿಥ್ಯೆಯೂ ಒಂದೆಯೇ?

ಕಣ್ಣಿಗೆ ಕಾಣದ, ಕೈಗೆ ನಿಲುಕದ, ಆದರೆ ಸಾವಿರಾರು ಜನರು ನಂಬಿದ ವಸ್ತುವನ್ನು ‘ಇದೆ’ ಎನ್ನಬಹುದೇ? ನಮ್ಮ ತಾರ್ಕಿಕರು ಮೊಲದ ಕೊಂಬು, ಆಕಾಶದ ಹೂವುಗಳ ನಿದರ್ಶನ ಕೊಟ್ಟು ಈ ಪ್ರಶ್ನೆಯನ್ನು ಮುಗಿಸಿದಂತೆ ತೋರುತ್ತದೆ. ಆದರೆ ಮೊಲದ ಕೊಂಬನ್ನು ಯಾರೂ ನಂಬಿರಲಿಲ್ಲ. ಅದಕ್ಕಾಗಿ ಯಾರೂ ಉಪವಾಸ ಕೂಡಲಿಲ್ಲ. ವೇದಾಂತಿಗಳ ಹಗ್ಗದ ಹಾವು ಇದಕ್ಕಿಂತ ಹತ್ತಿರದ ದೃಷ್ಟಾಂತ. ಹಾವು ಸುಳ್ಳು, ಕಂಡವನ ಬೆವರು ನಿಜ. ದೀಪ ತಂದೊಡನೆ ಹಾವು ಮಾಯವಾಗುತ್ತದೆ. ಹಾಗಾದರೆ ದೀಪ ತಂದರೂ ಮಾಯವಾಗದ ಕಲ್ಪನೆಗಳೂ ಉಂಟೇ?

ಧಾರವಾಡದ ಸೀಮೆಯವರು ಇದರ ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮದರಾಸಿನಲ್ಲಿ, ಕಲಬುರ್ಗಿ ನಿಜಾಮನಲ್ಲಿ. ಮೈಸೂರು, ಕೊಡಗು ಬೇರೆ ಬೇರೆ. ನಡುನಡುವೆ ಜಮಖಂಡಿ, ಸವಣೂರು, ಸೊಂಡೂರುಗಳಂಥ ಪುಟ್ಟ ಸಂಸ್ಥಾನಗಳು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ್ದು ಈ ಚೂರುಗಳ ನಡುವೆ ನಿಂತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಹಾಡಿನೊಳಗೆ ಜನ ಕೇಳಿದ್ದು ಇನ್ನೂ ಬಾರದ ನಾಡಿನ ಹಾರೈಕೆಯನ್ನು. 1953ರಲ್ಲಿ ಹುಬ್ಬಳ್ಳಿಯ ಮಗ್ಗುಲಿನ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತದ್ದೂ ಆ ನಾಡಿಗಾಗಿಯೇ. 1956ರ ನವೆಂಬರ್ 1ರಂದು ರಾಜ್ಯ ಬಂತು. ಹೆಸರು ಬರಲು ಮತ್ತೆ ಹದಿನೇಳು ವರ್ಷ ಹಿಡಿಯಿತು.

ಇವರೆಲ್ಲ ಭ್ರಾಂತರೇ? ಹುಣಸೆಮರದ ದೆವ್ವವನ್ನು ನಂಬಿದವನು ಮರದ ಬಳಿಗೆ ದೀಪ ಒಯ್ಯಲು ಹೆದರುತ್ತಾನೆ. ಆಲೂರರಾದರೋ ಚರಿತ್ರೆಯ ದೀಪವನ್ನು ತಾವೇ ಹಿಡಿದು ಹೊರಟವರು. ತಾವು ನಂಬಿದ ನಾಡು ಸದ್ಯಕ್ಕೆ ನಂಬಿಕೆಯಲ್ಲಿ ಮಾತ್ರ ಇದೆಯೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಬಲ್ಲವರಾದುದರಿಂದಲೇ ಅದಕ್ಕಾಗಿ ದುಡಿದರು. ಇಂಥದನ್ನೂ ದೆವ್ವವನ್ನೂ ‘ಸುಳ್ಳು’ ಎಂಬ ಒಂದೇ ಚೀಲದಲ್ಲಿ ತುಂಬುವುದು ವಿಚಾರವಂತಿಕೆಯಲ್ಲ, ಸೋಮಾರಿತನ.

ಸರಕಾರದ ಮೊಹರು ಬಿದ್ದಮೇಲಷ್ಟೇ ಅದು ನಿಜವಾಯಿತು ಎನ್ನುವವರುಂಟು. ಶಾಲೆ, ಕಚೇರಿ, ನ್ಯಾಯಾಲಯಗಳಿಗೆ ಮೊಹರು ಬೇಕು, ನಿಜ. ಆದರೆ ಮೊಹರಿನ ಬಲವನ್ನು ನಮ್ಮ ಸತ್ತೂರಿನಲ್ಲಿ ನಿಂತು ನೋಡಬೇಕು. 1962ರಲ್ಲಿ ಎರಡು ಊರುಗಳನ್ನು ಕೂಡಿಸಿ ‘ಹುಬ್ಬಳ್ಳಿ-ಧಾರವಾಡ’ ಎಂಬ ಒಂದೇ ಮಹಾನಗರವನ್ನು ಮಾಡಿದರು. ಆ ಹೆಸರಿನ ನಡುವಿನ ಅಡ್ಡಗೆರೆಯಲ್ಲಿಯೇ ನಾವು ವಾಸವಾಗಿರುವವರು! ಆದರೂ ‘ನಾನು ಹುಬ್ಬಳ್ಳಿ-ಧಾರವಾಡದವನು’ ಎಂದು ಹೇಳಿಕೊಂಡವರನ್ನು ನಾನು ಕಂಡಿಲ್ಲ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆಯೇ ಪಾಲಿಕೆಯಾಗಲೆಂದು ಸಚಿವ ಸಂಪುಟ ಒಪ್ಪಿದಾಗ ಯಾರ ಕಣ್ಣಲ್ಲೂ ನೀರು ಬಂದಂತೆ ಕಾಣಲಿಲ್ಲ.

ಇದಕ್ಕೆ ತೀರ ವಿರುದ್ಧವಾದುದು ಕಾಸರಗೋಡಿನ ಸಂಗತಿ. ಅಲ್ಲಿ ನಂಬಿಕೆಯಿತ್ತು, ಮೊಹರು ಬೀಳಲಿಲ್ಲ. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲಿಯೇ ಉಳಿಯಿತು. ಮಂಜೇಶ್ವರದ ಗೋವಿಂದ ಪೈಗಳು ನಡೆದಾಡಿದ ಆ ನೆಲವನ್ನು, ಮೊಹರಿಲ್ಲವೆಂಬ ಒಂದೇ ಕಾರಣಕ್ಕೆ, ಕನ್ನಡನಾಡಲ್ಲವೆಂದು ಹೇಳಲು ನನ್ನ ನಾಲಗೆ ಏಳದು. ವಿಲೀನೀಕರಣಕ್ಕಾಗಿ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಆ ಸೀಮೆಯ ಶಾಲೆಗಳಲ್ಲಿ ಇಂದಿಗೂ ಮಕ್ಕಳು ಕನ್ನಡದಲ್ಲಿ ಲೆಕ್ಕ ಕಲಿಯುತ್ತಿದ್ದಾರೆ.