ಬಾಯಿಗೆ ಸಾಬೂನೇ ಎಂದು ಬೆಚ್ಚಿದವರಿಗೆ

ಬಾಯಿ ಮುಕ್ಕಳಿಸುವ ಮೌತ್‌ವಾಶ್‌ನಲ್ಲಿ ಸಾಬೂನಿನ ಜಾತಿಯ ರಾಸಾಯನಿಕವಿದೆ, ಅದು ಕೆಲಸಕ್ಕೆ ಬರುತ್ತದೆ ಎಂದು ಬರೆದಿದ್ದೆ. ಆಕ್ಷೇಪಗಳು ಬಂದಿವೆ.

'ಸಾಬೂನು ಮೈಗೆ, ಬಾಯಿಗಲ್ಲ.' ಸ್ವಾಮಿ, ದಿನಾ ಬೆಳಗ್ಗೆ ನೀವು ಉಗುಳುವ ನೊರೆ ಎಲ್ಲಿಂದ ಬಂತು? ಬಹುತೇಕ ಪೇಸ್ಟುಗಳಲ್ಲಿರುವುದು ಸೋಡಿಯಂ ಲಾರಿಲ್ ಸಲ್ಫೇಟ್. ಶಾಂಪೂಗಳಲ್ಲೂ ಬಳಸುವ ವಸ್ತು. ಹಲ್ಲುಜ್ಜಿದ ಕೂಡಲೇ ಕುಡಿದ ಕಿತ್ತಳೆ ರಸ ಕಹಿಯಾಗುವುದು ಇದರಿಂದಲೇ. ಹಳೆಯ ಕಾಲದ ಪೇಸ್ಟುಗಳಲ್ಲಂತೂ ಅಸಲಿ ಸಾಬೂನೇ ಇರುತ್ತಿತ್ತು.

'ನೊರೆಯೆಲ್ಲ ಬರೀ ತೋರಿಕೆ.' ಪೇಸ್ಟಿನ ಮಟ್ಟಿಗೆ ಬಹುಪಾಲು ಒಪ್ಪಿದೆ. ಪದೇಪದೇ ಬಾಯಿಹುಣ್ಣಾಗುವವರು ಆ ಸಲ್ಫೇಟ್ ಇಲ್ಲದ ಪೇಸ್ಟು ಬಳಸಿ ನೋಡಬಹುದು. ಆದರೆ ನಾನು ಬರೆದದ್ದು ಸೀಟೈಲ್‌ಪಿರಿಡಿನಿಯಂ ಕ್ಲೋರೈಡ್ ಬಗ್ಗೆ. ಇದು ಒಂಥರಾ ತಿರುಗುಮುರುಗಾದ ಸಾಬೂನು. ಮಾಮೂಲಿ ಸಾಬೂನಿನ ತಲೆಗೆ ಋಣ ವಿದ್ಯುದಂಶ, ಇದರ ತಲೆಗೆ ಧನ. ಬ್ಯಾಕ್ಟೀರಿಯಾದ ಹೊರಮೈ ಋಣವಾದ್ದರಿಂದ ಅಣು ಹೋಗಿ ಅಲ್ಲಿಗೇ ಅಂಟಿಕೊಂಡು, 16 ಇಂಗಾಲದ ತನ್ನ ಉದ್ದ ಬಾಲವನ್ನು ಕೊಬ್ಬಿನ ಪೊರೆಯೊಳಗೆ ತೂರಿಸುತ್ತದೆ. ಪೊರೆ ಸೋರುತ್ತದೆ, ಜೀವಿ ಸಾಯುತ್ತದೆ. ನೊರೆಯ ಹಂಗೇ ಇಲ್ಲ; ಶೇ 0.05ರಿಂದ 0.07ರಷ್ಟಿದ್ದರೆ ಸಾಕು. ಇದೇ ಕುಲದ ಇನ್ನೊಂದು ರಾಸಾಯನಿಕ ರೋಗಾಣುಗಳನ್ನು ಕೊಲ್ಲುತ್ತದೆಂದು ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1935ರಲ್ಲೇ ತೋರಿಸಿದ್ದರು. 'ನೈಸರ್ಗಿಕವಾದದ್ದೇ ಬೇಕು' ಎಂದವರಿಗೊಂದು ಮಾತು: ಅಂಟುವಾಳದ ಕಾಯಿ ನೊರೆಗಟ್ಟುವುದೂ ಇಂಥದೇ ಎರಡು ಮುಖದ ಅಣುಗಳಿಂದ.

'ತಿಂಗಳುಗಟ್ಟಲೆ ಬಳಸಿದೆ, ಏನೂ ಆಗಲಿಲ್ಲ.' ಹಲ್ಲುಜ್ಜಿದ ಬೆನ್ನಿಗೇ ಮುಕ್ಕಳಿಸಿದಿರಾ? ಪೇಸ್ಟಿನ ಋಣ, ಮೌತ್‌ವಾಶ್‌ನ ಧನ ಎರಡೂ ಒಂದನ್ನೊಂದು ಹಿಡಿದುಕೊಂಡು ನಿಷ್ಕ್ರಿಯವಾಗುತ್ತವೆ. ನೀರಿನಲ್ಲಿ ಚೆನ್ನಾಗಿ ಬಾಯಿ ತೊಳೆದು ಅರ್ಧ ಗಂಟೆ ಬಿಡಿ.

'ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವಲ್ಲ?' ಸಾಯುತ್ತವೆ. ಅದಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಹಲ್ಲಿಗೆ ಕಂದು ಕಲೆಯೂ ಹಿಡಿಯಬಹುದು. ಒಸಡು ಊದಿಕೊಂಡವರು ವೈದ್ಯರ ಮಾತಿನಂತೆ ಬಳಸಲಿ. ಎಲ್ಲರೂ ಜೀವನಪೂರ್ತಿ ಬಳಸಿ ಎಂದು ನಾನೆಲ್ಲೂ ಬರೆದಿಲ್ಲ.

ಕೊನೆಯ ಆಕ್ಷೇಪ ನನ್ನನ್ನು ಹೊಗಳಿದವರದೇ: 'ಹಾಗಾದರೆ ಬ್ರಶ್ ಏಕೆ?' ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಮಸೂರದಡಿ ನೋಡಿದ. ವಿನಿಗರ್‌ನಿಂದ ಮುಕ್ಕಳಿಸಿದರೂ ದಪ್ಪ ಪಾಚಿಯೊಳಗಿನ ಜೀವಿಗಳು ಓಡಾಡುತ್ತಲೇ ಇದ್ದವು. ಅದನ್ನೇ ಕೆರೆದು ತೆಗೆದು ವಿನಿಗರ್‌ನಲ್ಲಿ ಕಲಕಿದಾಗ ಸತ್ತವು. ಮೊದಲು ಕೆರೆಯಿರಿ, ಆಮೇಲೆ ಮುಕ್ಕಳಿಸಿ.