ಶಿವಪುರದ ಚರಿತ್ರೆ ಚಾಟ್‌ಬಾಟ್ ಬಾಯಲ್ಲಿ

1989ರಲ್ಲಿ ತಿಯಾನನ್‌ಮೆನ್ ಚೌಕದಲ್ಲಿ ಏನಾಯಿತೆಂದು ಕೇಳಿದವರಿಗೆ ಚೀನಾದ ಡೀಪ್‌ಸೀಕ್ ಚಾಟ್‌ಬಾಟ್ ಬೇರೆ ವಿಷಯ ಮಾತಾಡೋಣ ಎಂದಿದ್ದು 2025ರ ಜನವರಿಯಲ್ಲಿ ಜಗತ್ತಿಗೇ ಸುದ್ದಿಯಾಯಿತು. ಅಲ್ಲಿ ಬಾಯಿ ಕಟ್ಟಿದ್ದು ಎದ್ದು ಕಾಣುತ್ತದೆ. ನನ್ನ ಆತಂಕವೆಲ್ಲ ಗೊತ್ತೇ ಆಗದಂತೆ ಮುಚ್ಚಿಡುವ ಉತ್ತರಗಳದ್ದು.

ನಮ್ಮ ಮದ್ದೂರಿನದೇ ಸಂಗತಿ ನೋಡಿ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ ಮುಖಂಡ ಟಿ. ಸಿದ್ದಲಿಂಗಯ್ಯ ಮತ್ತು ಸಂಗಡಿಗರನ್ನು ಮೈಸೂರು ಸರ್ಕಾರ ಬಂಧಿಸಿತು. ಅದೇ ತಿಂಗಳ 25ರಂದು ದೂರದ ವಿದುರಾಶ್ವತ್ಥದಲ್ಲಿ ಇಂಥದೇ ಧ್ವಜ ಸತ್ಯಾಗ್ರಹದ ವೇಳೆ ಪೊಲೀಸ್ ಗೋಲಿಬಾರ್ ಆಯಿತು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಚಾಟ್‌ಬಾಟ್ ಒಂದೇ ಸಂಖ್ಯೆಯನ್ನು ನಯವಾದ ಕನ್ನಡದಲ್ಲಿ ಹೇಳಿ ಮುಗಿಸಿದರೆ, ಶಾಲೆಯ ಪ್ರಾಜೆಕ್ಟ್‌ಗೆಂದು ಮೊಬೈಲ್ ನೋಡಿ ನೋಟ್‌ಬುಕ್ಕಿಗೆ ಬರೆದುಕೊಳ್ಳುವ ನಮ್ಮೂರ ಹುಡುಗಿಗೆ ಇನ್ನೊಂದು ಲೆಕ್ಕ ಇತ್ತೆಂಬುದೇ ತಿಳಿಯುವುದಿಲ್ಲ.

ಕೇಂದ್ರ ಸರ್ಕಾರದ ಇಂಡಿಯಾ ಎಐ ಮಿಷನ್ ಅಡಿ ಸಾರ್ವಜನಿಕ ಹಣದ ನೆರವಿನಿಂದ ನಮ್ಮ ಭಾಷೆಗಳ ಎಐ ಮಾದರಿಗಳು ಸಿದ್ಧವಾಗುತ್ತಿವೆ. ಯಾವ ವಿಷಯಕ್ಕೆ ಉತ್ತರಿಸಬಾರದೆಂದು, ಯಾರ ಸೂಚನೆಯಂತೆ ಅವಕ್ಕೆ ಕಲಿಸಲಾಗಿದೆ ಎಂಬ ಪಟ್ಟಿ ಪ್ರಕಟವಾಗಲಿ. ರಾಜ್ಯ ಪತ್ರಾಗಾರ ಇಲಾಖೆ 1938ರ ಕಡತಗಳನ್ನು ಸ್ಕ್ಯಾನ್ ಮಾಡಿ, ಕನ್ನಡ ಸಾರಾಂಶದೊಡನೆ ಎಲ್ಲರಿಗೂ ತೆರೆದಿಡಲಿ. ಒಂದು ಪ್ರತಿ ಶಿವಪುರದ ಸತ್ಯಾಗ್ರಹ ಸೌಧದಲ್ಲೂ ಓದಲು ಸಿಗಬೇಕು.

– ಓದುಗ, ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು